ದೀಪದ ತುಳಸವ್ವ

ಅರ್ಧ ಊರಿಗೆ ಹಾಲು ಹಾಕುವ ಐಗಳಿಯ ತುಳಸವ್ವ ತಾನು ಮಾತ್ರ ಕರಿ ಚಹಾ ಕುಡಿಯುತ್ತಾಳೆ. ಮುಟ್ಟು ನಿಂತ ವರ್ಷದಿಂದ ತಿಂಗಳ ಮೂವತ್ತೂ ದಿನ ವಿಠೋಬನ ದೀಪ ಅವಳದೇ; ಸೊಸೆ ಬತ್ತಿ ಮುಟ್ಟಿದರೂ ಕಣ್ಣು ಕೆಕ್ಕರಿಸುತ್ತಾಳೆ. ಬೆನ್ನು ಬಾಗಿ, ಜಾರಿ ಬಿದ್ದು ಮುಂಗೈ ಮುರಿದಾಗ ಅಥಣಿಯ ಡಾಕ್ಟರಬಾಯಿ, "ಎಲುಬು ಸವದಾವ ಆಯಿ, ಹಾರ್ಮೋನ್ ಗುಳಿಗಿ ತಗೋರಿ. ತಿಂಗಳಿಗೊಮ್ಮೆ ಮತ್ತ ಮುಟ್ಟಾದಂಗ ಆಗತೈತಿ, ಅಂಜಬ್ಯಾಡ್ರಿ" ಎಂದರು. "ನಾಕು ದಿನ ದೇವರಿಂದ ದೂರ ಕುಂಡ್ರಸೋ ಗುಳಿಗಿ ನಿಮ್ಮ ಕಡೀನ ಇರ್ಲಿ ಬಾಯಾರ" ಎಂದು ತುಳಸವ್ವ ಎದ್ದು ಬಂದಳು. ಗೋಡೆಯಲ್ಲಿ ದೀಪ ಇಡುವ ಮಾಡ ಕೈಗೆ ನಿಲುಕದಾದಾಗ, "ಗೋಡೀನ ಬೆಳದೈತಿ, ನಾ ಏನ್ ಕುಗ್ಗಿಲ್ಲ" ಎಂದು ಗೋಡೆಯನ್ನೇ ಬೈಯುತ್ತಾಳೆ. ಆ ಗೋಡೆಯಲ್ಲಿ ಒಂದರ ಕೆಳಗೊಂದು ಮಸಿ ಹಿಡಿದ ಎರಡು ಮಾಡಗಳು ಖಾಲಿ ಇವೆ. ವಿಠೋಬನ ದೀಪ ಈಗ ಅವುಗಳ ಕೆಳಗೆ, ಅವಳು ಹೊಸದಾಗಿ ಕೊರೆಸಿದ ಮೂರನೆಯದರಲ್ಲಿ ಉರಿಯುತ್ತದೆ.