ಲೈನಿಗೆ ಕರೆಂಟು ಕೊಡುವ ಕಾರು

ಎಲೆಕ್ಟ್ರಿಕ್ ಕಾರು ಕೊಂಡ ಮೇಲೆ ನಾನು ಸಹಿಸಲಾಗದ ಮನುಷ್ಯನಾದೆ ಎನ್ನುತ್ತಾಳೆ ನನ್ನ ಹೆಂಡತಿ. ಅದಕ್ಕೆ ಮುಂಚೆಯೂ ಹಾಗೇ ಇದ್ದೆ ಎಂಬುದು ನನ್ನ ಅಕ್ಕನ ಅಭಿಪ್ರಾಯ. ಚಿಂತಾಮಣಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುವವನು ನಾನು. ಪೆಟ್ರೋಲ್ ಬಂಕಿನಲ್ಲಿ ಸಾಲು ನಿಂತವರನ್ನು ಕಂಡರೆ ಬೇಕೆಂದೇ ನಿಧಾನ ಮಾಡಿ, ಅವರತ್ತ ಕನಿಕರದ ನೋಟವೊಂದನ್ನು ಬೀರಿ ಮುಂದೆ ಹೋಗುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಟೀ ಬರುವ ಹೊತ್ತಿಗೆ ಸರಿಯಾಗಿ ನನ್ನ ಉಪದೇಶವೂ ಶುರುವಾಗುತ್ತಿತ್ತು: ಇದು ಬರೀ ಗಾಡಿಯಲ್ಲ, ಚಕ್ರವಿರುವ ಪವರ್ ಹೌಸು, ಸಂಜೆ ಊರೆಲ್ಲ ಮೋಟರು, ಮಿಕ್ಸಿ ಹಾಕಿ ಲೈನು ಸೊರಗಿದಾಗ ನಿಂತ ಕಾರುಗಳೇ ಅದಕ್ಕೆ ಕರೆಂಟು ವಾಪಸ್ ಕೊಡುವ ಕಾಲ ಬರುತ್ತದೆ. ಟೀ ಕುಡಿದವರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದರು. ಅಜ್ಞಾನಿಗಳು ಎಂದುಕೊಳ್ಳುತ್ತಿದ್ದೆ.

ಇದೇ ವಿಷಯದ ಮೇಲೆ ಚಿಕ್ಕಬಳ್ಳಾಪುರದಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ಹೋದೆ. ವೇದಿಕೆಯ ಮೇಲೆ ಹನ್ನೊಂದು ಕುರ್ಚಿ, ಹನ್ನೊಂದು ಶಾಲು, ಹನ್ನೊಂದು ಹಣ್ಣಿನ ಬುಟ್ಟಿ. ಮುಖ್ಯ ಭಾಷಣಕಾರರು ಪರದೆಯ ಮೇಲೆ ಚಿತ್ರ ತೋರಿಸುತ್ತ, "ಪ್ರತಿ ಮನೆಯ ಕಾರೂ ನಾಡಿಗೆ ಬೆಳಕು ನೀಡಲಿದೆ" ಎನ್ನುವಾಗಲೇ ಕರೆಂಟು ಹೋಯಿತು. ಹಿಂಬದಿಯಲ್ಲಿ ಡೀಸೆಲ್ ಜನರೇಟರ್ ಗುಡುಗುಡು ಎಂದಿತು. ಅದರ ಹೊಗೆ ಕಿಟಕಿಯಿಂದ ಒಳಬರುತ್ತಿರಲು ಅವರು ಶುದ್ಧ ಗಾಳಿಯ ವಿಚಾರಕ್ಕೆ ಬಂದರು. ಯಾರೂ ನಗಲಿಲ್ಲ. ನಗಬಲ್ಲವರು ಆಗಲೇ ಊಟದ ಸಾಲಿನಲ್ಲಿದ್ದರು.

"ನನ್ನ ಕಾರು ಕರೆಂಟು ಕೊಡುತ್ತೆ ಸಾರ್. ಯಾರಿಗೆ ಕೊಡಲಿ?" ಎಂದು ಎದ್ದು ಕೇಳಿದೆ.

"ಒಳ್ಳೆಯ ಪ್ರಶ್ನೆ" ಎಂದು ಭಾಷಣಕಾರರು ಕೂತುಬಿಟ್ಟರು.

ವಿದ್ಯುತ್ ಇಲಾಖೆಯ ಕಚೇರಿಗೂ ಹೋದೆ. ಅಲ್ಲಿದ್ದವರು ಕನ್ನಡಕದ ಮೇಲಿಂದ ನೋಡಿ, "ಕರೆಂಟು ಬೇಕು ಅನ್ನೋಕೆ ಫಾರಂ ಐತೆ ಸಾರ್. ಕೊಡ್ತೀನಿ ಅನ್ನೋಕೆ ಇನ್ನೂ ಬಂದಿಲ್ಲ" ಎಂದರು. ಕೊಡುವವನೊಬ್ಬ ಹುಟ್ಟಬಹುದೆಂಬ ಅನುಮಾನವೇ ಆ ಕಟ್ಟಡಕ್ಕೆ ಬಂದಂತಿರಲಿಲ್ಲ. ಹೊರಬರುವಾಗ ಇಡೀ ಜಿಲ್ಲೆಯ ಮೇಲೆ ನನಗೆ ತಿರಸ್ಕಾರ ಹುಟ್ಟಿತ್ತು. ಹೀನಾಯವಾಗಿ ಕಾಣಲು ಇಷ್ಟೊಂದು ಜನ ಸಿಕ್ಕಿದ್ದು, ಸುಳ್ಳೇಕೆ, ಹಿತವಾಗಿಯೂ ಇತ್ತು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅಕ್ಕನ ಫೋನು ಬಂತು. ಕೆಂಚಾರ್ಲಹಳ್ಳಿಯಲ್ಲಿ ಅವಳು ರೇಷ್ಮೆ ಹುಳು ಸಾಕುತ್ತಾಳೆ. "ಟ್ರಾನ್ಸ್‌ಫಾರ್ಮರ್ ಸುಟ್ಟೋಗೈತೆ ಕಣೋ. ಹುಳ ನಾಕನೇ ಜ್ವರ ಎದ್ದು, ಪೊರೆ ಬಿಟ್ಟು ಐದು ದಿನ ಆಯ್ತು, ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ತವೆ. ಈ ಬಿಸಿಲಲ್ಲಿ ಗಾಳಿ ಇಲ್ದಿದ್ರೆ ಒಂದೂ ಉಳಿಯಲ್ಲ. ನಿನ್ನ ಕಾರಲ್ಲಿ ಕರೆಂಟ್ ಐತೆ ಅಂತಿದ್ದೆಯಲ್ಲ, ಬರೀ ಮಾತಾಡ್ತೀಯೋ, ಕೊಡ್ತೀಯೋ?"

ಹೋದೆ. ಹುಳದ ಮನೆಯ ಬಾಗಿಲು ತೆರೆದರೆ ಒಲೆಯ ಝಳ. ಸೊಪ್ಪು ಮೇಯುವ ಸದ್ದು ಜೋರು ಮಳೆಯಂತೆ ಕೇಳಬೇಕಿತ್ತು. ಅಲ್ಲೊಂದು ಇಲ್ಲೊಂದು ಹನಿ ಬಿದ್ದಂತೆ ಕೇಳುತ್ತಿತ್ತು. ಅಕ್ಕ ಒದ್ದೆ ಗೋಣಿಚೀಲಗಳನ್ನು ಕಿಟಕಿಗೆ ಕಟ್ಟಿ, ಮೊರದಿಂದ ಗಾಳಿ ಬೀಸುತ್ತಿದ್ದಳು. ಕಾರಿನಿಂದ ವೈರು ಎಳೆದು ಫ್ಯಾನು, ಕೂಲರು ಹಾಕಿದೆ. ತಿರುಗಿದವು. ಅಕ್ಕ ಮೊರ ಕೆಳಗಿಟ್ಟು, ಕಂಬಕ್ಕೆ ಒರಗಿ, ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟೇ. ಹೊಗಳುತ್ತಾಳೇನೋ ಎಂದು ಸ್ವಲ್ಪ ಹೊತ್ತು ಅಲ್ಲೇ ಸುಳಿದಾಡಿದೆ.

ಪಕ್ಕದ ಮನೆಯ ಮುನಿಯಮ್ಮ ಬೇಲಿಯಾಚೆಯಿಂದ ತೆಲುಗಿನಲ್ಲಿ ಕೂಗಿದಳು: "ಸಾರ್, ಮಾ ಇಂಟಿಕಿ ಒಕ ವೈರು ಇಸ್ತಾರಾ?" ಅವಳ ಮನೆಯಲ್ಲೂ ಹುಳುಗಳಿದ್ದವು, ಅಲ್ಲಿಗೂ ಒಂದು ವೈರು ಬೇಕಿತ್ತು.

ಈಗ ನನ್ನ ಪ್ರತಾಪ ಕೇಳಿ. ನಾಡಿಗೆಲ್ಲ ಬೆಳಕು ಹಂಚಲು ಹೊರಟಿದ್ದವನ ಬಾಯಿಂದ, "ಬ್ಯಾಟರಿ ನೋಡ್ಬೇಕಮ್ಮ" ಎಂಬ ಮಾತು ಬಂತು. ಆ ಕಚೇರಿಯವರದೇ ದನಿ. ಅರ್ಧ ಗಂಟೆಯಲ್ಲಿ ನಾಲ್ಕು ಸಲ ಕಾರಿನೊಳಗೆ ಇಣುಕಿ, ಇಳಿಯುತ್ತಿದ್ದ ಬ್ಯಾಟರಿಯ ಅಂಕಿಯನ್ನು ನೋಡಿ ಬಂದಿದ್ದೆ. ಅಕ್ಕ ತನ್ನ ಕೂಲರಿನ ಸ್ವಿಚ್ಚು ಆರಿಸಿ, ಅದಕ್ಕೆ ಕಾರಿನಿಂದ ಬಂದಿದ್ದ ವೈರನ್ನು ತಾನೇ ಬೇಲಿಯ ಮೇಲಿಂದ ಮುನಿಯಮ್ಮನಿಗೆ ಎಸೆದಳು. ನಾನು ನಾಚಿ, ಇನ್ನೊಂದು ವೈರು ತಂದು ಕೂಲರನ್ನೂ ಮತ್ತೆ ಹಾಕಿದೆ. ಕಾರು ಅಲ್ಲೇ ಉಳಿಯಿತು. ನಾನು ಬಸ್ಸಿನಲ್ಲಿ ಊರಿಗೆ ಬಂದೆ.

ಮರುದಿನ ಮಧ್ಯಾಹ್ನ ಹೋದಾಗ ಹೊಸ ಟ್ರಾನ್ಸ್‌ಫಾರ್ಮರ್ ಬಂದಿತ್ತು. ಲೈನ್‌ಮ್ಯಾನು ನನ್ನ ಕಾರನ್ನೂ ಅದರಿಂದ ಹೊರಟ ವೈರುಗಳನ್ನೂ ನೋಡುತ್ತ ನಿಂತಿದ್ದ.

"ಇದು ಲೈನಿಗೆ ಸೇರೈತಾ ಸಾರ್?"

ಪರ್ಮಿಷನ್ ಇದೆಯಾ ಎಂದು ಕೇಳಲು ಬಂದನೆಂದು ರೇಗಿತು. "ಇಲ್ಲಪ್ಪ, ನೇರವಾಗಿ ಫ್ಯಾನಿಗೆ ಕೊಟ್ಟಿದ್ದೀನಿ. ಯಾಕೆ, ತಪ್ಪಾ?"

"ತಪ್ಪೇನಿಲ್ಲ. ನಾನು ಕಂಬ ಹತ್ಬೇಕು. ಮನೇಲಿ ಯಾರಾದ್ರೂ ಗೊತ್ತಿಲ್ದೆ ಈ ವೈರನ್ನ ಗೋಡೆ ಪ್ಲಗ್ಗಿಗೆ ಸಿಕ್ಸಿದ್ರೆ, ಆಫೀಸಲ್ಲಿ ಲೈನು ಆರ್ಸಿದ್ರೂ ಕೆಳಗಿಂದ ಕಾರಿನ ಕರೆಂಟು ಲೈನಿಗೆ ಬರ್ತೈತೆ. ನಾನು ಅಲ್ಲೇ ಹೋಗ್ತೀನಿ."

ನನ್ನ ಉಪದೇಶದಲ್ಲಾಗಲಿ, ಆ ಸಂಕಿರಣದ ಚಿತ್ರಗಳಲ್ಲಾಗಲಿ ಕಾರಿತ್ತು, ಮನೆಯಿತ್ತು, ಲೈನಿತ್ತು, ಬಾಣದ ಗುರುತುಗಳಿದ್ದವು. ಲೈನಿನ ಮೇಲೆ ಕೈಯಿಡುವ ಮನುಷ್ಯನೊಬ್ಬ ಇರಲಿಲ್ಲ. ವೈರು ಕಿತ್ತು, ಸುತ್ತಿ, ಕಾರಿನೊಳಗೆ ಹಾಕಿ ಬೀಗ ಹಾಕಿದೆ.

"ಕೀ ಕೊಡಿ ಸಾರ್, ನನ್ನ ಹತ್ರ ಇರ್ಲಿ" ಎಂದ. ಕೊಟ್ಟೆ. ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡು ಹತ್ತಿದ. ಅವನು ಇಳಿಯುವವರೆಗೆ ಮುನಿಯಮ್ಮ ಒಂದು ಮನೆಯಲ್ಲಿ, ಅಕ್ಕ ಇನ್ನೊಂದರಲ್ಲಿ ಮೊರ ಬೀಸಿದರು. ನಾನು ಕಂಬದ ಕೆಳಗೆ ಕತ್ತು ಮೇಲೆತ್ತಿ ನಿಂತೇ ಇದ್ದೆ. ಕರೆಂಟು ಬಂತು. ಹುಳುಗಳು ಬದುಕಿ, ಮೂರನೇ ದಿನ ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಏರಿದವು.

ಕಾರು ಲೈನಿಗೆ ಕರೆಂಟು ಕೊಡುವ ಪಾಠವನ್ನು ಈಗಲೂ ಮಾಡುತ್ತೇನೆ. ಬೋರ್ಡಿನ ಮೇಲೆ ಮೊದಲು ಕಂಬ ಬರೆದು, ಅದರ ಮೇಲೊಬ್ಬ ಮನುಷ್ಯನನ್ನು ಕೂರಿಸಿ, ಆಮೇಲೆ ಕಾರು ಬರೆಯುತ್ತೇನೆ. ನನ್ನ ಚಿತ್ರ ಅಷ್ಟಕ್ಕಷ್ಟೆ. ಮುಂದಿನ ಬೆಂಚಿನವಳೊಬ್ಬಳು, "ಸಾರ್, ಕಂಬದ ಮೇಲೆ ಕೋತಿ ಯಾಕಿದೆ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ ಎಂದು ಕೂತುಬಿಡದೆ, ಆ ದಿನದ ಪಾಠವನ್ನು ಅಲ್ಲಿಂದಲೇ ಶುರುಮಾಡಿದೆ.