ಏಳೆಲೆಯ ಗುಲಾಬಿ

ಅಕ್ಕ ತೀರಿಕೊಂಡು ವರ್ಷ ಕಳೆದ ಮೇಲೂ ಪ್ರತಿ ಶುಕ್ರವಾರ ಬೆಳಿಗ್ಗೆ ಅವಳ ನಂಬರಿನಿಂದ ನನಗೊಂದು ಫೋಟೋ ಬರುತ್ತಿತ್ತು. ಪರದೆಯ ಮೇಲೆ ‘ಅಕ್ಕ’ ಎಂಬ ಎರಡಕ್ಷರ, ಪಕ್ಕದಲ್ಲಿ ಹಳದಿ ಸೀರೆಯುಟ್ಟು ನಗುವ ಅವಳ ಮುಖ, ಕೆಳಗೆ ಅವಳ ಹಿತ್ತಿಲಿನ ಗುಲಾಬಿ ಗಿಡ. ಕಳಿಸುವವರು ಭಾವ ಎಂದು ನನಗೆ ಗೊತ್ತು. ಅವರ ಫೋನು ಹಳೆಯ ಗುಂಡಿಯದು, ಅದು ಕೆಟ್ಟ ಮೇಲೆ ಅಕ್ಕನದನ್ನೇ ಬಳಸುತ್ತಿದ್ದಾರೆ. ಗೊತ್ತಿದ್ದರೂ ಪ್ರತಿ ಸಲ ಹೊಲಿಗೆ ಮಿಷನ್ನಿನ ಪೆಡಲಿನಿಂದ ಕಾಲು ತೆಗೆದು ನೋಡುತ್ತಿದ್ದೆ. ಗಿಡ ಹಚ್ಚಗೆ, ಆಳೆತ್ತರ ಬೆಳೆದು ಗೋಡೆಗೆ ಒರಗಿರುತ್ತಿತ್ತು. ಹೂವು ಮಾತ್ರ ಇರುತ್ತಿರಲಿಲ್ಲ. ಫೋಟೋದ ಕೆಳಗೆ ಭಾವ ಏನನ್ನೂ ಬರೆದಿರುತ್ತಿರಲಿಲ್ಲ.

ನಾನು ಹಿಂದೂಪುರದಲ್ಲಿ ಬ್ಲೌಸ್ ಹೊಲಿಯುವವಳು. ಮಹಡಿಯ ಮೇಲೆ ಹದಿನಾಲ್ಕು ಕುಂಡಗಳಲ್ಲಿ ಗುಲಾಬಿ ಬೆಳೆಸಿದ್ದೇನೆ. ಅಲ್ಲಿ ಬೆಳಗಿನ ಬಿಸಿಲು ಧಾರಾಳವಾಗಿ ಬೀಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯ ನೆರಳು ಬಂದು ಕಾಪಾಡುತ್ತದೆ. ನಮ್ಮ ಬೀದಿಯ ನೀರೂ ಸಿಹಿ. ಗಿಡಗಳು ಚೆನ್ನಾಗಿ ಬಂದದ್ದು ಇಷ್ಟರಿಂದಲೇ. ನಾನು ಮಾತ್ರ ನನ್ನ ಕೈಗುಣ ಅಂದುಕೊಂಡೆ. ಬ್ಲೌಸಿನ ಅಳತೆ ಕೊಡಲು ಬಂದವರಿಗೆಲ್ಲ ಮಹಡಿ ಹತ್ತಿಸಿ ತೋರಿಸುತ್ತಿದ್ದೆ, ಕೇಳದಿದ್ದರೂ ಬುದ್ಧಿ ಹೇಳುತ್ತಿದ್ದೆ.

ಅಕ್ಕನ ಮನೆ ಕಲ್ಯಾಣದುರ್ಗದಲ್ಲಿ. ಭಾವ ಬೋರ್ ಮೋಟಾರಿಗೆ ವೈಂಡಿಂಗ್ ಕಟ್ಟುತ್ತಾರೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಹಿತ್ತಿಲು ಪಡುವಣಕ್ಕಿದೆ, ಸುತ್ತ ಕಲ್ಲುಚಪ್ಪಡಿಯ ಗೋಡೆ. ಹೊತ್ತು ಮುಳುಗಿದ ಮೇಲೂ ಆ ಚಪ್ಪಡಿಯ ಮೇಲೆ ಕೈಯಿಡಲಾಗದು. ಬೋರಿನ ನೀರು ತುಂಬಿಟ್ಟ ಬಕೆಟ್ಟಿನ ಅಂಚಿಗೆ ನಾಲ್ಕು ದಿನದಲ್ಲಿ ಬೆಳ್ಳಗೆ ಉಪ್ಪು ಕಟ್ಟುತ್ತದೆ.

ಅಲ್ಲಿಗೆ ನಾನು ಒಯ್ಯದ ಗುಲಾಬಿಯಿಲ್ಲ. ಹಳದಿಯದು ಮೂರೇ ವಾರಕ್ಕೆ ಕಡ್ಡಿಯಾಯಿತು. ಕಿತ್ತಳೆ ಬಣ್ಣದ್ದು ಬದುಕಿತು. ಆದರೆ ನನ್ನಲ್ಲಿ ಹಿಡಿ ತುಂಬುವ ಹೂವು ಅಲ್ಲಿ ನಿಂಬೆಹಣ್ಣಿನಷ್ಟಾಯಿತು, ಎಸಳಿನ ಅಂಚು ಸೀದ ಹಪ್ಪಳದಂತೆ ಕಪ್ಪಾಯಿತು. ಪನ್ನೀರು ಗುಲಾಬಿ ಚಳಿಯಲ್ಲಿ ನಾಲ್ಕು ಹೂವು ಕೊಟ್ಟು ಬೇಸಿಗೆಗೆ ಮುನಿಸಿಕೊಂಡಿತು. ಬಟನ್ ರೋಸ್ ಒಂದೇ ಆ ನೀರಿಗೂ ಆ ಬಿಸಿಲಿಗೂ ಜಗ್ಗದೆ ಗೊಂಚಲು ಗೊಂಚಲು ಬಿಟ್ಟಿತು. ಸುಲಭಕ್ಕೆ ಒಲಿದದ್ದಕ್ಕೋ ಏನೋ, ಅಕ್ಕನಿಗೆ ಅದರ ಮೇಲೆ ಒಂದಿಷ್ಟೂ ಗೌರವವಿರಲಿಲ್ಲ. ಅವಳಿಗೆ ಬೇಕಾಗಿದ್ದು ನನ್ನ ಮಹಡಿಯ ಕಡುಗೆಂಪು ಕಸಿ ಗುಲಾಬಿ. ಅಂಗೈ ಅಗಲದ ಅಂಥದೊಂದು ಹೂವನ್ನು ಶುಕ್ರವಾರದ ದೀಪದ ಮುಂದೆ ತನ್ನ ಹಿತ್ತಿಲಿನಿಂದಲೇ ತಂದು ಇಡಬೇಕೆಂಬುದು ಅವಳ ಆಸೆ.

ಹಿಂದೂಪುರದ ನರ್ಸರಿಯಿಂದ ಅದನ್ನೇ ಕೊಂಡು, ಎರಡು ಬಸ್ಸು ಬದಲಿಸಿ, ಮಡಿಲಲ್ಲಿಟ್ಟುಕೊಂಡು ಒಯ್ದುಕೊಟ್ಟೆ. ಕಸಿ ಎಂದರೆ ಕಾಡುಗುಲಾಬಿಯ ಬೇರಿನ ಮೇಲೆ ಹೂಗುಲಾಬಿಯ ಚಿಗುರಿನ ಕಣ್ಣು ಕೂರಿಸಿದ ಗಿಡ. ನಮ್ಮ ಕಡೆ ಎಲ್ಲರೂ ತೆಲುಗಿನವರ ಹಾಗೆ ಅದನ್ನು ಅಂಟು ಎನ್ನುತ್ತಾರೆ. ಕೂರಿಸಿದ ಜಾಗದಲ್ಲಿ ಒಂದು ಗಂಟಿರುತ್ತದೆ. ಗಂಟಿನ ಮೇಲೆ ಬಂದದ್ದೆಲ್ಲ ಹೂವು, ಕೆಳಗೆ ಬಂದದ್ದೆಲ್ಲ ಕಾಡು. ಗಂಟು ಮಣ್ಣಿನ ಮೇಲೆ ಕಾಣುವಂತೆ ನೆಡಬೇಕು. ನನ್ನ ಗಿಡಗಳನ್ನೆಲ್ಲ ಕುಂಡಕ್ಕೆ ಹಾಕಿಕೊಟ್ಟವನು ನರ್ಸರಿಯವನು. ಹಾಗಾಗಿ ಈ ಗಂಟಿನ ಗುಟ್ಟು ಆಗ ನನಗೇ ಗೊತ್ತಿರಲಿಲ್ಲ.

ನಾವಿಬ್ಬರೂ ಕುಂದುರ್ಪಿ ಕಡೆಯ ಕಡಲೆಕಾಯಿ ಹೊಲದಲ್ಲಿ ಬೆಳೆದವರು. ಕಡಲೆಗಿಡ ಹೂವಾಡಿದ ಮೇಲೆ ಬುಡಕ್ಕೆ ಮಣ್ಣು ಏರಿಸಬೇಕು. ಹೂವಿನಿಂದ ಇಳಿಯುವ ಎಳೆ ಮಣ್ಣು ಹೊಕ್ಕರೆ ತಾನೆ ಕಾಯಿ ಕಟ್ಟುವುದು. ಚಿಕ್ಕಂದಿನಿಂದ ಬಗ್ಗಿ ಬಗ್ಗಿ ಅದನ್ನೇ ಮಾಡಿದ ಅಕ್ಕನ ಕೈ ಯಾವ ಗಿಡ ಕಂಡರೂ ಬುಡಕ್ಕೆ ಮಣ್ಣು ಎಳೆಯದೆ ಸುಮ್ಮನಿರುತ್ತಿರಲಿಲ್ಲ. ಗುಲಾಬಿಗೂ ಗೇಣುದ್ದ ಏರಿಸಿದಳು. ಅವಳು ಕಳಿಸಿದ ಫೋಟೋದಲ್ಲಿ ಆ ಮಣ್ಣಿನ ದಿಬ್ಬ ನೋಡಿ ನನಗೂ ಖುಷಿಯೇ ಆಯಿತು, ನಮ್ಮ ಹೊಲ ಕಂಡಂತಾಯಿತು.

ಅದೇ ವರ್ಷ ಅಕ್ಕನ ಕಿಡ್ನಿ ಕೈಕೊಟ್ಟಿತು. ವಾರಕ್ಕೆರಡು ಸಲ ಅನಂತಪುರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ದಿನಕ್ಕೆ ಇಷ್ಟೇ ಲೋಟ ನೀರು ಎಂದು ಡಾಕ್ಟರು ಅಳೆದು ಹೇಳಿದ್ದರು. ಗುಲಾಬಿಗೆ ಉಪ್ಪುನೀರು ಆಗದು ಎಂದು ನಾನು ಹೇಳಿದ್ದೆನಲ್ಲ, ಕುಡಿಯಲು ತರಿಸಿದ ಫಿಲ್ಟರ್ ಕ್ಯಾನಿನ ನೀರಿನಲ್ಲಿ ತನ್ನ ಪಾಲನ್ನು ಅಳೆದಿಟ್ಟುಕೊಂಡು, ಬಾಯಿ ಒಣಗುತ್ತಿದ್ದರೂ ಒಂದು ಚೊಂಬು ತೆಗೆದು ಗಿಡಕ್ಕೆ ಹೊಯ್ಯುತ್ತಿದ್ದಳು. ಇದನ್ನು ಭಾವ ನನಗೆ ಹೇಳಿದ್ದು ಅವಳು ಹೋದ ಮೇಲೆ.

ಬೇಸಿಗೆಯಲ್ಲಿ ಗಿಡ ಕಂದಿತು. ಆಮೇಲೆ ಬುಡದ ಮಣ್ಣಿನಿಂದ ಹೊಸದೊಂದು ಚಿಗುರು ಎದ್ದು ವಾರಕ್ಕೊಂದು ಗೇಣು ಬೆಳೆಯತೊಡಗಿತು. ಅಕ್ಕ ಫೋನು ಮಾಡಿ, ಇದರಲ್ಲಿ ಒಂದೊಂದು ತೊಟ್ಟಿಗೂ ಏಳೇಳು ಎಲೆ ಇವೆ, ಹಳೆಯ ಕೊಂಬೆಯಲ್ಲಿ ಐದೇ ಇದ್ದವು, ಯಾಕೆ ಎಂದು ಕೇಳಿದಳು. ಅವಳು ಎಣಿಸಿದ್ದಳು. ಕಾಡುಬೇರಿನ ಗುರುತನ್ನು ತಾನಾಗಿ ನನ್ನ ಕೈಗಿಟ್ಟಿದ್ದಳು. ನಾನು ನಕ್ಕು, ಶಕ್ತಿ ಬಂದಿದೆ, ಎಲೆ ಹೆಚ್ಚಿದೆ ಎಂದೆ. ಕಂದಿದ ಕೊಂಬೆಯನ್ನು ಓರೆಯಾಗಿ ಕತ್ತರಿಸು, ತುದಿಗೆ ಸಗಣಿ ಮೆತ್ತು, ಹೊಸದನ್ನು ಬೆಳೆಸು ಎಂದೆ. ಕತ್ತರಿ ಹಿಡಿದೇ ಹೊಟ್ಟೆ ಹೊರೆಯುವವಳಿಗೆ ಕತ್ತರಿಸು ಎನ್ನುವುದು ಎಷ್ಟು ಹೊತ್ತಿನ ಮಾತು!

ಅಲ್ಲಿಂದ ಮುಂದೆ ಪ್ರತಿ ಫೋನಿನಲ್ಲೂ ಅವಳದು ಒಂದೇ ಪ್ರಶ್ನೆ, ಯಾವಾಗ ಬಿಡುತ್ತದೆ. ನನ್ನದೂ ಒಂದೇ ಉತ್ತರ, ಮುಂದಿನ ತಿಂಗಳು. ಹೀಗೆ ಒಂದೂವರೆ ವರ್ಷ ಹೇಳಿದೆ. ನಂಬಿಯೇ ಹೇಳಿದೆ, ಅದೇ ನನ್ನ ದುರ್ದೈವ.

ಕೊನೆಯ ಸಲ ಅವಳ ಫೋನು ಬಂದಾಗ ದನಿ ಬಾವಿಯೊಳಗಿಂದ ಬಂದಂತಿತ್ತು.

“ಬಿಟ್ಬುಡ್ತು ಕಣೇ,” ಅಂದಳು. “ಕೆಂಪಗೆ, ಅಂಗೈ ಅಗಲ. ನಿನ್ ಗಿಡದ್ದೇ ಹೂವು.”

“ನೋಡ್ದಾ, ನಾನು ಹೇಳ್ಳಿಲ್ವಾ?” ಅಂದೆ.

ನಾಲ್ಕು ದಿನಕ್ಕೆ ಅವಳು ಹೋಗಿಬಿಟ್ಟಳು. ಅವಳ ಕಿವಿಗೆ ಬಿದ್ದ ನನ್ನ ಕೊನೆಯ ಮಾತು ಅದು.

ಈ ಬೇಸಿಗೆಯಲ್ಲಿ ನನ್ನದೇ ಕೆಂಪು ಗುಲಾಬಿಯ ಕುಂಡದಲ್ಲಿ ಬುಡದಿಂದ ಅಂಥದೇ ಚಿಗುರು ಎದ್ದಿತು. ಗೊಬ್ಬರ ತಂದುಕೊಟ್ಟ ನರ್ಸರಿಯವನಿಗೆ ಹೆಮ್ಮೆಯಿಂದ ತೋರಿಸಿದೆ. ಅವನು ನೋಡಿದವನೇ “ಅಡವಿ ಚಿಗುರು ಅಮ್ಮಾ” ಎಂದು ಬುಡಸಮೇತ ಚಿವುಟಿ ಎಸೆದ. ಇದು ಗಂಟಿನ ಕೆಳಗಿನ ಕಾಡುಬೇರಿನದು, ಬಿಟ್ಟರೆ ಮೇಲಿನ ಅಂಟನ್ನು ಕೊಂದುಹಾಕುತ್ತದೆ, ನಮ್ಮ ಸೀಮೆಯ ಸೆಕೆಗೆ ಇದು ಹೂವು ಬಿಟ್ಟದ್ದನ್ನು ಯಾರೂ ನೋಡಿಲ್ಲ ಎಂದ. ಎಲೆ ಎಷ್ಟಿರುತ್ತದೆ ಎಂದು ಕೇಳಿದೆ. ಹೆಚ್ಚಾಗಿ ಏಳು ಎಂದ. ಎಸೆದ ಚಿಗುರನ್ನು ನಾನೇ ಎತ್ತಿಕೊಂಡು ಎಣಿಸಿದೆ. ಆಮೇಲೆ ಅಕ್ಕನ ನಂಬರಿನ ಫೋಟೋಗಳನ್ನೆಲ್ಲ ಒಂದೊಂದಾಗಿ ತೆರೆದು ದೊಡ್ಡದು ಮಾಡಿ ನೋಡಿದೆ. ಎಲ್ಲದರಲ್ಲೂ ಏಳೆಲೆ.

ಹಾಗಾದರೆ ಅವಳು ಹೇಳಿದ ಹೂವು? ಆ ಗಿಡ ಕೆಂಪಗೆ, ಅಂಗೈ ಅಗಲ ಬಿಡುವುದು ಸಾಧ್ಯವೇ ಇರಲಿಲ್ಲ.

ಭಾವನಿಗೆ ಇದನ್ನು ಹೇಳದೆ ಇದ್ದುಬಿಡಬಹುದಿತ್ತು. ಹೇಳಿದರೆ ನನ್ನ ತಪ್ಪು ಹೊರಬೀಳುತ್ತದೆ, ಅಕ್ಕನ ಸುಳ್ಳೂ ಹೊರಬೀಳುತ್ತದೆ. ಹೇಳದಿದ್ದರೆ ಭಾವ ಸಾಯುವವರೆಗೂ ಆ ಕಾಡುಗಿಡಕ್ಕೆ ನೀರು ಹೊತ್ತು ಹಾಕುತ್ತಾ ಶುಕ್ರವಾರ ಶುಕ್ರವಾರ ನನಗೆ ತೋರಿಸುತ್ತಿರುತ್ತಾರೆ. ಎರಡು ವಾರ ಹೊಯ್ದಾಡಿ ಕೊನೆಗೆ ಬಸ್ಸು ಹತ್ತಿದೆ.

ಭಾವ ತಾಮ್ರದ ತಂತಿ ಸುತ್ತುತ್ತಾ ಕೂತಿದ್ದರು. ಕಾಫಿ ಕೊಟ್ಟರು. ನಾನು ಹಿತ್ತಿಲಿಗೆ ಹೋಗಿ ಗುಲಾಬಿಯ ಬುಡದ ಮಣ್ಣನ್ನು ಕೈಯಿಂದಲೇ ಕೆದಕಿದೆ. ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಗೇಣುದ್ದ ಏರಿಸಿದ್ದ ಮಣ್ಣು ತಗ್ಗಿತ್ತು, ನಾಲ್ಕು ಬೆರಳು ಕೆಳಗೆ ಗಂಟು ಸಿಕ್ಕಿತು. ಅದರ ಮೇಲೆ ಒಣಗಿದ ಮೋಟು. ಓರೆಯಾಗಿ ಕತ್ತರಿಸಿತ್ತು, ತುದಿಯಲ್ಲಿ ಸಗಣಿ ಇನ್ನೂ ಕಲ್ಲಿನ ಹಾಗೆ ಕೂತಿತ್ತು. ನಾನು ಹೇಳಿದ್ದರಲ್ಲಿ ಅಕ್ಕ ಒಂದನ್ನೂ ತಪ್ಪಿಸಿರಲಿಲ್ಲ. ಆ ಸಗಣಿಯ ಮೇಲೆ ಅವಳ ಬೆರಳಿನ ಗುರುತಿತ್ತು. ಮುಟ್ಟಲು ನನಗೆ ಹೆದರಿಕೆಯಾಯಿತು.

ಅಲ್ಲೇ ಕುಕ್ಕರುಗಾಲಲ್ಲಿ ಕೂತು ಭಾವನಿಗೆ ಎಲ್ಲ ಹೇಳಿದೆ. ಹೂವಿನ ಕೊಂಬೆ ಕತ್ತರಿಸಲು ಹೇಳಿದವಳು ನಾನೇ ಎಂದೆ. ಇದು ಕಾಡುಗಿಡ, ಯಾವತ್ತೂ ಕೆಂಪು ಹೂವು ಬಿಟ್ಟಿಲ್ಲ, ಮುಂದೆಯೂ ಬಿಡುವುದಿಲ್ಲ ಎಂದೆ. ಬೈಯುತ್ತಾರೆಂದು ತಲೆ ತಗ್ಗಿಸಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

“ಬಿಟ್ಟೇ ಇರ್ಲಿಲ್ವಾ? ನಿಜಂಗಾನಾ?” ಎಂದು ಕೇಳಿದರು.

ಇಲ್ಲ ಎಂದೆ.

ಭಾವ ಹೊಸ್ತಿಲ ಮೇಲೆ ನಿಧಾನವಾಗಿ ಕೂತರು. “ಅವತ್ತು ನಿಂಗೆ ಫೋನ್ ಮಾಡ್ದಾಗ ನಾನು ಮುಂದಿನ ಕೋಣೇಲೇ ಕಾಯಿಲ್ ಸುತ್ತಾ ಇದ್ನಮ್ಮ. ಹೂವು ಬಿಟ್ಟದೆ ಅಂದ್ಲು. ನಾಳೆ ನೋಡಾನ, ನಾಳೆ ನೋಡಾನ ಅಂತ ಎದ್ದು ಬರ್ಲೇ ಇಲ್ಲ. ಮಣ್ ಮಾಡಿ ಬಂದ್ಮೇಲೆ ನೋಡಿದ್ರೆ ಹೂವಿಲ್ಲ. ಗಾಳಿಗೆ ಉದುರೋಯ್ತು ಅಂದ್ಕೊಂಡೆ. ಹತ್ತು ಹೆಜ್ಜೆ ಕಣಮ್ಮ. ಹತ್ತು ಹೆಜ್ಜೆ ಬಂದು ಅವಳ ಹೂವು ನೋಡ್ಲಿಲ್ವಲ್ಲ ಅಂತ ಇಷ್ಟು ದಿನ...”

ಚಪ್ಪಡಿಯ ಗೋಡೆಯನ್ನೇ ನೋಡಿದರು. ಆಮೇಲೆ ಹೇಳಿದರು, “ಹಂಗಾದ್ರೆ ನಾನು ನೋಡ್ದೆ ಉದುರೋದ ಹೂವೇ ಇರ್ಲಿಲ್ಲ ಅನ್ನು.”

ಮತ್ತೆ ಬಿಟ್ಟರೆ ಈ ಸಲವಾದರೂ ತಪ್ಪಿಸಿಕೊಳ್ಳಬಾರದೆಂದು ಅವರು ಪ್ರತಿ ಶುಕ್ರವಾರ ಹಿತ್ತಿಲಿಗೆ ಬಂದು ನೋಡುತ್ತಿದ್ದರಂತೆ. ಗಿಡ ತಿಳಿದವಳು ನಾನೆಂದು ನನಗೆ ಕಳಿಸುತ್ತಿದ್ದರಂತೆ. ಅವರ ಮುಖದ ಮೇಲಿನ ಭಾರ ಇಳಿದದ್ದು ನನಗೆ ಕಣ್ಣಾರೆ ಕಂಡಿತು. ಊಟ ಮಾಡಿಕೊಂಡೇ ಹೋಗು ಎಂದು ಒತ್ತಾಯ ಮಾಡಿದರು. ಸಾರಿಗೆ ತಾವೇ ಒಗ್ಗರಣೆ ಹಾಕಿದರು.

ಅಕ್ಕ ಆ ಸುಳ್ಳನ್ನು ನನಗಾಗಿ, ನನ್ನ ಮಾತು ಉಳಿಯಲೆಂದು ಹೇಳಿದ್ದಳು. ಅದು ಗೋಡೆಯಾಚೆ ಕೂತವರ ಎದೆಗೆ ಹೀಗೆ ನಾಟುತ್ತದೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಮುಂದಿನ ಶುಕ್ರವಾರ ಫೋಟೋ ಬರಲಿಲ್ಲ. ಅದರ ಮುಂದಿನ ಶುಕ್ರವಾರವೂ ಬರಲಿಲ್ಲ. ನಾನು ಮಾತ್ರ ಇವತ್ತಿಗೂ ಆ ಹೊತ್ತಿಗೆ ಮಿಷನ್ ನಿಲ್ಲಿಸಿ ಫೋನು ನೋಡುತ್ತೇನೆ. ಮಹಡಿಯ ಮೇಲೆ ನನ್ನ ಗಿಡ ಕೆಂಪಗೆ, ಅಂಗೈ ಅಗಲ ಬಿಟ್ಟಿರುತ್ತದೆ. ಕೊಯ್ಯಲು ಕೈ ಚಾಚಿದಾಗಲೆಲ್ಲ ನನ್ನದೇ ದನಿ ಕಿವಿಗೆ ಬೀಳುತ್ತದೆ, ನೋಡ್ದಾ, ನಾನು ಹೇಳ್ಳಿಲ್ವಾ ಎಂದು.