ಭಾವನ ಗಾಡಿಗೆ ಹಾಕಿದ ನೀರು

ಭಾವ, ನಿಮ್ಮ ಗಾಡಿಯ ಎಂಜಿನ್ ಹಾಳಾದದ್ದು ನನ್ನಿಂದ. ಹನ್ನೊಂದು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನಿಮ್ಮ ಮನೆಯಲ್ಲಿ ಉಂಡಿದ್ದೇನೆ — ಅಕ್ಕ ಬಡಿಸಿದಳು, ನೀವು "ಅವನಿಗೆ ಇನ್ನೊಂದು ತುಂಡು ಮೀನು ಹಾಕು" ಎಂದಿರಿ, ನಾನು ತಿಂದೆ. ನನ್ನ ಮುಖಕ್ಕಿಷ್ಟು ಬೆಂಕಿ ಹಾಕ!

ತುರ್ಭೆಯ ಆ ಮಧ್ಯಾಹ್ನ ಈಗಲೂ ಕಣ್ಣ ಮುಂದೆ ತೇಲುತ್ತದೆ. ಗೋದಾಮುಗಳ ಹಿಂದೆ ಒಂದು ಮರದ ನೆರಳು, ನಿಮ್ಮ ಬಿಳಿ ಟೂರಿಸ್ಟ್ ಕಾರು, ಅರೆನಿದ್ದೆಯ ನಾನು. ಎಂಜಿನ್ ತಣ್ಣಗಿಟ್ಟು ತುಕ್ಕು ತಡೆಯುವ ಕೂಲೆಂಟ್ ಹಳತಾಗಿದೆ, ರೇಡಿಯೇಟರಿನಿಂದ ಅದನ್ನು ತೆಗೆದು ಹೊಸದು ತುಂಬು ಎಂದು ನೀವು ಕ್ಯಾನ್ ಕೊಟ್ಟಿದ್ದಿರಿ. ಹಳೆಯದನ್ನು ಇಳಿಸಿದ ಮೇಲೆ ನೆನಪಾಯಿತು — ಕ್ಯಾನ್ ವಿಠ್ಠಲವಾಡಿಯ ನನ್ನ ಖೋಲಿಯಲ್ಲೇ ಉಳಿದಿದೆ. ಹೋಗಿ ತರಬಹುದಿತ್ತು. ಕಣ್ಣು ಎಳೆಯುತ್ತಿತ್ತು... ಪಕ್ಕದಲ್ಲೇ ಬೋರ್‌ವೆಲ್ಲಿನ ನಲ್ಲಿ. ನಾಳೆ ಬದಲಾಯಿಸಿದರಾಯಿತು ಎಂದು ಬರೀ ನೀರು ತುಂಬಿಸಿ ಸೀಟಿನಲ್ಲಿ ಮಲಗಿದೆ. ಎಂಥ ಸುಖದ ನಿದ್ದೆ ಅದು!

ಸಂಜೆ ನೀವು ಕೇಳಿದಿರಿ: "ನೀರು ಹಾಕಿದಿಯಾ ಮಾರಾಯ?"

"ಹಾಕಿದೆ ಭಾವ."

ನಮ್ಮ ಡ್ರೈವರುಗಳ ಬಾಯಲ್ಲಿ ಕೂಲೆಂಟಿಗೂ ನೀರೆಂದೇ ಹೆಸರು. ನೀವು ಕೇಳಿದ್ದು ಕೂಲೆಂಟನ್ನು, ನಾನು ಹೇಳಿದ್ದು ನಲ್ಲಿಯ ನೀರನ್ನು. ಸುಳ್ಳೇನೂ ಹೇಳಲಿಲ್ಲವಲ್ಲ ಎಂದು ಎಷ್ಟು ದಿನ ನನ್ನನ್ನೇ ಸಮಾಧಾನಪಡಿಸಿಕೊಂಡೆ... ಬದಲಾಯಿಸುವ ಆ ನಾಳೆ ಬರಲೇ ಇಲ್ಲ.

ಕೆಲವು ತಿಂಗಳಿಗೆ ಘಾಟಿ ಏರುವಾಗ ಎಂಜಿನ್ ಕುದಿದು ನಿಂತಿತು. ಮೆಕ್ಯಾನಿಕ್ ಬಿಚ್ಚಿ ನೋಡಿ, "ಅಣ್ಣಾ, ಇಸ್‌ಮೇ ತೋ ಖಾಲೀ ಪಾನೀ ಹೈ. ಪೂರಾ ಜಂಗ್ ಲಗಾ ಹೈ" ಎಂದ. ಒಳಗೆ ಬರೀ ನೀರು, ಎಲ್ಲ ತುಕ್ಕು. ನೀವು ತಲೆ ಮೇಲೆ ಕೈ ಹೊತ್ತು ಕೂತಿರಿ. "ತಪ್ಪು ನನ್ನದೇ. ದಾರಿಯಲ್ಲಿ ಎರಡು ಸಲ ಬಾಟ್ಲಿ ನೀರು ಹಾಕಿದ್ದೆ ನಾನು."

ನಾನು ಪಕ್ಕದಲ್ಲೇ ನಿಂತಿದ್ದೆ, ಭಾವ. ಆಮೇಲೆ ಖೋಲಿಗೆ ಓಡಿ, ಆ ತುಂಬಿದ ಕ್ಯಾನ್ ಯಾರ ಕಣ್ಣಿಗೂ ಬೀಳದಂತೆ ಮೋರಿಗೆ ಸುರಿದೆ. ಗುಲಾಬಿ ಬಣ್ಣ ನಿಧಾನವಾಗಿ, ಚಂದವಾಗಿ ಹರಿಯಿತು — ಈಗಲೂ ಕನಸಿಗೆ ಬರುತ್ತದೆ, ಕನಸಿನಲ್ಲಿ ಆ ಮೋರಿ ನಿಮ್ಮ ಮನೆಯ ಬಾಗಿಲವರೆಗೂ ಹೋಗುತ್ತದೆ. ಸೋಮಾರಿತನಕ್ಕೆ ಕ್ಷಮೆ ಕೇಳಬಹುದೇನೋ, ಇದಕ್ಕೆ —

ಗಾಡಿ ಹೋಯಿತು. ನಿಮಗೆ ನಿಮ್ಮ ಮೇಲಿದ್ದ ನಂಬಿಕೆಯೂ ಹೋಯಿತು. ಮತ್ತೆ ಸ್ಟಿಯರಿಂಗ್ ಮುಟ್ಟದೆ ಕೋಪರಿಯ ಹೋಟೆಲಿನಲ್ಲಿ ಚಹಾ ಸೋಸುತ್ತ ನಿಂತುಬಿಟ್ಟಿರಿ. ಕಳೆದ ಭಾನುವಾರ ನಿಮ್ಮ ಮಗಳು ತನ್ನ ಹೊಸ ಕಾರಿನ ಕೀ ಚಾಚಿ, "ಪಪ್ಪಾ, ಆಪ್ ಚಲಾವೋ ನಾ" ಎಂದಳು. ನೀವು ನಕ್ಕು ಕೈ ಹಿಂದಕ್ಕೆಳೆದುಕೊಂಡಿರಿ: "ಬೇಡ ಮಗಾ. ನನ್ನ ಕೈಗೆ ಗಾಡಿ ಆಗಿಬರುದಿಲ್ಲ."

ಅಲ್ಲೇ ಹೇಳಬೇಕಿತ್ತು. ಹೇಳದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಂದೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾನೇ ತಂದು, ಅಕ್ಕ ಮತ್ತು ಮಗಳು ಕೂತಿರುವಾಗ ಗಟ್ಟಿಯಾಗಿ ಓದುತ್ತೇನೆ. ಆಮೇಲೆ ಆ ಮನೆಯ ಬಾಗಿಲು ನನಗೆ ಮುಚ್ಚಿದರೆ ಮುಚ್ಚಲಿ. ನಿಮ್ಮ ಕೈಯಲ್ಲಿ ಎಂದೂ ದೋಷವಿರಲಿಲ್ಲ, ಭಾವ.